ಮದ್ದು ಕೊಡುವವರ ವಿದ್ಯೆ, ಕೊಳ್ಳುವವರ ವಿವೇಕ

(ಕಾಸರಗೋಡು ಸೀಮೆಯ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ವಾರ್ಷಿಕ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ., ಮಾಡಿದ ಭಾಷಣ)



‘ಹತ್ತನೆಯ ತರಗತಿಯ ಅನಂತರ ಮುಂದೇನು?’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಪ್ರತಿ ವರ್ಷವೂ ಈ ಸಭೆಯಲ್ಲಿ ಯಾರಾದರೊಬ್ಬರು ಈ ವಿಷಯವನ್ನು ಕುರಿತು ಹೇಳುವುದುಂಟು. ವಿದ್ಯೆಗಳ ಪಟ್ಟಿಯನ್ನು ಓದಿ ಮುಗಿಸುವುದೂ ಉಂಟು. ಈ ಸಲ ನಾವು ಪಟ್ಟಿಯನ್ನು ಓದುವುದಿಲ್ಲ. ಒಂದೇ ಒಂದು ವಿದ್ಯೆಯನ್ನು, ಅದರೊಳಗಿನ ಒಂದೇ ಒಂದು ಪಾಠವನ್ನು ತಮ್ಮ ಮುಂದಿಡುತ್ತೇವೆ. ಆ ವಿದ್ಯೆ ಔಷಧ ವಿದ್ಯೆ, ಅಂದರೆ ಫಾರ್ಮಸಿ. ಅಂಗಡಿಗಳಲ್ಲಿ ಆಂಟಿಬಯೋಟಿಕ್ ಎಂದು ಕರೆಯುವ, ಪಠ್ಯಪುಸ್ತಕಗಳಲ್ಲಿ ಪ್ರತಿಜೈವಿಕ ಎಂಬ ಹೆಸರಿನಿಂದ ಬರುವ ಔಷಧಿಗಳನ್ನು ಯಾರಿಗೆ, ಯಾವಾಗ, ಎಷ್ಟು ಕೊಡಬೇಕು, ಯಾವಾಗ ಕೊಡಬಾರದು ಎಂಬುದೇ ಆ ಪಾಠ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಇದೇ ಶಾಲೆಯ ಬೆಂಚಿನಲ್ಲಿ ಕುಳಿತು ನಮ್ಮಿಂದ ಪಾಠ ಕೇಳಿದ ಹುಡುಗನೊಬ್ಬನಿಂದ ಕಲಿತೆವು. ಕಲಿಯುವುದಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ. ಅದನ್ನು ಮುಚ್ಚಿಡದೆ ಮೊದಲು ಹೇಳಿಬಿಡುತ್ತೇವೆ.

ಕಳೆದ ವರ್ಷದ ಆಟಿ ತಿಂಗಳು. ಹೊರಗೆ ಬಿಡದ ಮಳೆ. ಮನೆಯಲ್ಲಿ ನಮ್ಮ ವೃದ್ಧ ತಾಯಿಯವರಿಗೆ ಉರಿಮೂತ್ರದ ಬಾಧೆ ಮತ್ತೆ ಕಾಣಿಸಿಕೊಂಡಿತು. ಎರಡು ವರ್ಷಗಳ ಹಿಂದೆ ಇದೇ ಬಾಧೆಗೆ ವೈದ್ಯರೊಬ್ಬರು ಒಂದು ಮಾತ್ರೆಯನ್ನು ಬರೆದುಕೊಟ್ಟಿದ್ದರು; ಗುಣವಾಗಿತ್ತು. ಅಂದಿನಿಂದ ನಾವು ಆ ಮಾತ್ರೆಯ ಖಾಲಿ ಹಾಳೆಯನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆವು. ಬಾಧೆ ಬಂದಾಗಲೆಲ್ಲ ಅದನ್ನು ಅಂಗಡಿಯಲ್ಲಿ ತೋರಿಸಿ ಅದೇ ಮಾತ್ರೆಯನ್ನು ತರುವುದು, ಉರಿ ಶಮನವಾಗುವವರೆಗೆ ಕೊಡುವುದು, ಆಮೇಲೆ ನಿಲ್ಲಿಸಿ ಉಳಿದುದನ್ನು ಎತ್ತಿಡುವುದು, ಇದು ನಮ್ಮ ಮನೆಯ ಕ್ರಮವಾಗಿತ್ತು. ವೈದ್ಯರ ಬಳಿಗೆ ಹೋಗಿಬರುವ ತ್ರಾಸವೂ ಹಣವೂ ಉಳಿಯಿತೆಂದು ನಮಗೆ ಒಳಗೊಳಗೇ ಸಮಾಧಾನವೂ ಇತ್ತು.

ಅಂದು ಪೇಟೆಯ ಮದ್ದಿನಂಗಡಿಗೆ ಹೋದಾಗ ಅಲ್ಲಿ ನಿಂತಿದ್ದವನು ನಮ್ಮ ಹಳೆಯ ವಿದ್ಯಾರ್ಥಿ. ಡಿಪ್ಲೊಮಾ ಇನ್ ಫಾರ್ಮಸಿಯ ಎರಡು ವರ್ಷಗಳ ಓದನ್ನು ಮುಗಿಸಿ, ಅದರ ಕೊನೆಯ ಭಾಗವಾದ 500 ಗಂಟೆಗಳ ಪ್ರಾಯೋಗಿಕ ತರಬೇತಿಗೆಂದು ಅಲ್ಲಿ ಇದ್ದ. ಖಾಲಿ ಹಾಳೆಯನ್ನು ನೋಡಿದವನೇ ಕೇಳಿದ: “ಮಾಷ್ಟ್ರೇ, ಡಾಕ್ಟರ ಚೀಟಿ ಉಂಟೋ?”

“ಚೀಟಿ ಯಾಕೆ? ಅಮ್ಮನಿಗೆ ಎರಡು ವರ್ಷದಿಂದ ಇದೇ ಮದ್ದು” ಎಂದೆವು.

“ಎಷ್ಟು ಸಲ ಕೊಟ್ಟಿರಬಹುದು?”

“ನಾಲ್ಕೈದು ಸಲ.”

“ಪ್ರತಿ ಸಲ ಎಷ್ಟು ದಿವಸ?”

“ಉರಿ ನಿಲ್ಲುವವರೆಗೆ. ಎರಡು ದಿವಸ, ಮೂರು ದಿವಸ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಮೆಲ್ಲಗೆ ಹೇಳಿದ: “ಹಾಗಾದರೆ ಇದನ್ನು ನಾನು ಕೊಡುವುದು ಸರಿಯಾಗುವುದಿಲ್ಲ ಮಾಷ್ಟ್ರೇ. ಅಜ್ಜಿಯನ್ನು ಇವತ್ತೇ ಡಾಕ್ಟರಿಗೆ ತೋರಿಸಿ. ಮೂತ್ರ ಪರೀಕ್ಷೆ ಮಾಡಿಸಿಯೇ ಮದ್ದು ತೆಗೆದುಕೊಳ್ಳುವುದು ಒಳ್ಳೆಯದು.”

ಅಂಗಡಿಯಲ್ಲಿ ಪರಿಚಯದವರು ನಾಲ್ಕು ಜನ ಇದ್ದರು. ನಮ್ಮಿಂದ ಪಾಠ ಕಲಿತ ಹುಡುಗ ನಾಲ್ಕು ಜನರ ಎದುರಿಗೆ ನಮಗೇ ಪಾಠ ಹೇಳಿದನಲ್ಲ ಎಂದು ನಮಗೆ ಸಿಟ್ಟು ಬಂತು. ಒಂದು ಮಾತೂ ಆಡದೆ ಕೊಡೆ ಬಿಡಿಸಿ ಹೊರಟೆವು. ಬೇರೊಂದು ಅಂಗಡಿಯಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಅದೇ ಮಾತ್ರೆ ಸಿಕ್ಕಿತು. ಗೆದ್ದೆವೆಂದು ತಿಳಿದು ಮನೆಗೆ ಬಂದೆವು.

ಮೂರನೆಯ ದಿನ ರಾತ್ರಿ ತಾಯಿಯವರಿಗೆ ನಡುಕದೊಂದಿಗೆ ಜ್ವರ ಏರಿತು. ಮಾತು ಅಸ್ಪಷ್ಟವಾಯಿತು. ಬೆಳಗಾಗುವುದರೊಳಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ಅದರ ವರದಿ ಬಂದಾಗ ಔಷಧಿಗಳ ಹೆಸರುಗಳು ಸಾಲಾಗಿ ಇದ್ದುವು. ಒಂದೊಂದರ ಎದುರಿಗೂ ಒಂದೊಂದು ಅಕ್ಷರ. ‘ಎಸ್’ ಎಂದರೆ ಆ ಔಷಧಿಗೆ ರೋಗಾಣು ಮಣಿಯುತ್ತದೆ ಎಂದರ್ಥ. ‘ಆರ್’ ಎಂದರೆ ಮಣಿಯುವುದಿಲ್ಲ ಎಂದರ್ಥ. ಕಾಗದದ ಉದ್ದಕ್ಕೂ ‘ಆರ್’, ‘ಆರ್’ ಎಂದೇ ಇತ್ತು. ನಾವು ಎರಡು ವರ್ಷ ಕೊಟ್ಟ ಮಾತ್ರೆಯ ಎದುರಿಗೂ ಅದೇ ಅಕ್ಷರ. ‘ಎಸ್’ ಇದ್ದುದು ಕೊನೆಯ ಎರಡು ಮೂರು ಹೆಸರುಗಳಿಗೆ ಮಾತ್ರ. ಅವೆಲ್ಲವೂ ನರಕ್ಕೆ ಚುಚ್ಚುವ ಔಷಧಿಗಳು. ಹತ್ತು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ದೇವರ ದಯೆ, ವೈದ್ಯರ ಶ್ರಮ. ತಾಯಿಯವರು ಉಳಿದು ಮನೆಗೆ ಬಂದರು. ಆದರೆ ಮೊದಲಿನಂತೆ ಅಂಗಳಕ್ಕೆ ಇಳಿದು ತುಳಸಿಗೆ ನೀರು ಹಾಕುವಷ್ಟು ತ್ರಾಣ ಅವರಿಗೆ ಮರಳಿ ಬಂದಿಲ್ಲ.

“ಇಂಥ ಮಾತ್ರೆಯಿಂದಲೇ ಹೀಗಾಯಿತೆಂದು ಬೊಟ್ಟುಮಾಡಿ ಹೇಳಲಾಗದು. ಆದರೆ ಅದೇ ಔಷಧಿಯನ್ನು ಅರ್ಧಂಬರ್ಧ, ಮತ್ತೆ ಮತ್ತೆ ಕೊಡುತ್ತಿದ್ದರೆ ಮಣಿಯದ ರೋಗಾಣುಗಳಿಗೇ ಮೇಲುಗೈಯಾಗುತ್ತದೆ” ಎಂದು ವೈದ್ಯರು ವಿವರಿಸಿದರು. ಆ ಹುಡುಗನ ಮೂರು ಪ್ರಶ್ನೆಗಳು ಆಗ ನಮ್ಮ ನೆನಪಿಗೆ ಬಂದುವು. ತಾಯಿಯವರನ್ನು ಮನೆಗೆ ಕರೆತಂದ ಮರುದಿನವೇ ಅವನನ್ನು ಹುಡುಕಿಕೊಂಡು ಹೋಗಿ ತಪ್ಪನ್ನು ಒಪ್ಪಿಕೊಂಡೆವು. ಅವನು ನಾಚಿ ಹೇಳಿದ: “ನಿಮಗೆ ಇಲ್ಲ ಎಂದು ಹೇಳುವಾಗ ನನ್ನ ಕೈ ನಡುಗುತ್ತಿತ್ತು ಮಾಷ್ಟ್ರೇ. ಆದರೆ ಕಾಲೇಜಿನಲ್ಲಿ ನಮಗೆ ಮೊದಲೇ ಹೇಳಿದ್ದರು, ಅಪರಿಚಿತರಿಗೆ ಇಲ್ಲ ಎನ್ನುವುದು ಸುಲಭ, ನಮ್ಮವರಿಗೆ ಹೇಳುವುದೇ ಕಷ್ಟ ಎಂದು.”

ಹಾಗಾದರೆ ಅವರಿಗೆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂಬ ಕುತೂಹಲ ನಮಗೆ ಹುಟ್ಟಿತು. ಅವನನ್ನು ಮನೆಗೆ ಕರೆದು, ಅವನ ಪುಸ್ತಕಗಳನ್ನು ತರಿಸಿ, ಹಲವು ಭಾನುವಾರ ನಾವು ಅವನ ಶಿಷ್ಯರಾದೆವು. ತಿಳಿದುಕೊಂಡುದನ್ನು ಈಗ ಕ್ರಮವಾಗಿ ಅರಿಕೆ ಮಾಡುತ್ತೇವೆ.

ಮೊದಲು ಈ ಔಷಧಿಯ ಚರಿತ್ರೆ. ಮಳೆಗಾಲದಲ್ಲಿ ನಮ್ಮ ಚಪ್ಪಲಿಗೂ ಹಪ್ಪಳಕ್ಕೂ ಬೂಷ್ಟು ಹಿಡಿಯುವುದನ್ನು ನೀವೆಲ್ಲ ಕಂಡಿದ್ದೀರಿ. 1928ರಲ್ಲಿ ಲಂಡನ್ನಿನ ಸೈಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿಯ ಗಾಜಿನ ತಟ್ಟೆಗೆ ಅಂಥದೇ ಒಂದು ಬೂಷ್ಟು ಬಂದು ಬಿತ್ತು. ಅದರ ಸುತ್ತಲಿನ ಬ್ಯಾಕ್ಟೀರಿಯಾಗಳು ನಾಶವಾದುದನ್ನು ಅವರು ಗಮನಿಸಿದರು. ಅದರಲ್ಲಿದ್ದ ವಸ್ತುವೇ ಪೆನಿಸಿಲಿನ್. ಅದನ್ನು ಔಷಧಿಯನ್ನಾಗಿ ಶುದ್ಧಪಡಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು. 1941ರ ಫೆಬ್ರವರಿಯಲ್ಲಿ ಅಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೋಲೀಸಿನವರಿಗೆ, ವಿಷವೇರಿ ಸಾಯುವ ಸ್ಥಿತಿಯಲ್ಲಿದ್ದಾಗ, ಅದನ್ನು ಕೊಟ್ಟರು. ಅವರು ಆಶ್ಚರ್ಯಕರವಾಗಿ ಚೇತರಿಸಿಕೊಂಡರು. ಆದರೆ ಔಷಧಿ ಅತ್ಯಲ್ಪವಾಗಿತ್ತು. ಅವರ ಮೂತ್ರದಿಂದ ಪೆನಿಸಿಲಿನನ್ನು ಪುನಃ ಬೇರ್ಪಡಿಸಿ ಚುಚ್ಚಿದರೂ ಸಾಲಲಿಲ್ಲ. ಔಷಧಿ ಮುಗಿಯಿತು, ಮಾರ್ಚಿಯಲ್ಲಿ ಆ ಮನುಷ್ಯ ತೀರಿಕೊಂಡರು. ಮೊದಮೊದಲು ಹನಿಹನಿಯಾಗಿ ಇಷ್ಟು ಬೆಲೆಯುಳ್ಳದ್ದಾಗಿದ್ದ ವಸ್ತುವನ್ನೇ ನಾವು ಇಂದು ಖಾಲಿ ಹಾಳೆ ತೋರಿಸಿ ಕೊಳ್ಳುತ್ತಿದ್ದೇವೆ.

1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೇನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಂದರ್ಭದ ಭಾಷಣದಲ್ಲಿ ಫ್ಲೆಮಿಂಗರು ಒಂದು ಕಲ್ಪಿತ ಕಥೆಯನ್ನು ಹೇಳಿದ್ದರು. ಒಬ್ಬ ಗೃಹಸ್ಥನಿಗೆ ಗಂಟಲು ನೋವು. ಪೆನಿಸಿಲಿನನ್ನು ತಾನೇ ಕೊಂಡು, ಸಾಕಷ್ಟಲ್ಲದ ಪ್ರಮಾಣದಲ್ಲಿ ಸೇವಿಸುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತವೆ. ಅವು ಅವನ ಹೆಂಡತಿಗೆ ಅಂಟುತ್ತವೆ. ಅವಳಿಗೆ ನ್ಯುಮೋನಿಯಾ ಬಂದಾಗ ಪೆನಿಸಿಲಿನ್ ಫಲಿಸುವುದಿಲ್ಲ, ಅವಳು ಸಾಯುತ್ತಾಳೆ. ಔಷಧಿ ಪೇಟೆಗೆ ಬಂದ ಹೊಸತರಲ್ಲಿಯೇ, ಅದನ್ನು ಕಂಡುಹಿಡಿದವರೇ ಕೊಟ್ಟ ಎಚ್ಚರಿಕೆ ಇದು. ನಾವು ಅದನ್ನು ಕೇಳದೆ ಆ ಗೃಹಸ್ಥನ ಪಾತ್ರವನ್ನು ನಮ್ಮ ಮನೆಯಲ್ಲಿಯೇ ವಹಿಸಿದೆವು.

ರೋಗಾಣು ಔಷಧಿಯನ್ನು ಎದುರಿಸುವುದು ಹೇಗೆ? ಇದನ್ನು ಮಕ್ಕಳು ಲೆಕ್ಕ ಹಾಕಿಯೇ ತಿಳಿಯಬಹುದು. ಅನುಕೂಲ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಗಂಟೆಗೆ ಮೂರು ಸಲ. 10 ಗಂಟೆಗಳಲ್ಲಿ 30 ಸಲ. ಒಂದನ್ನು 30 ಸಲ ಇಮ್ಮಡಿ ಮಾಡಿ ನೋಡಿರಿ. 107 ಕೋಟಿಗೂ ಮಿಕ್ಕಿದ ಸಂಖ್ಯೆ ಬರುತ್ತದೆ. ಅಷ್ಟು ದೊಡ್ಡ ಸಂತತಿಯಲ್ಲಿ ಎಲ್ಲವೂ ಒಂದೇ ತೆರನಾಗಿರುವುದಿಲ್ಲ. ಎಲ್ಲಿಯೋ ಒಂದೆರಡಕ್ಕೆ ಔಷಧಿಯನ್ನು ತುಂಡರಿಸುವ, ಇಲ್ಲವೆ ಒಳಗೆ ಬಂದುದನ್ನು ಹೊರಕ್ಕೆ ತಳ್ಳುವ ಸಾಮರ್ಥ್ಯ ಹುಟ್ಟಿನಿಂದಲೇ ಬಂದಿರುತ್ತದೆ. ಔಷಧಿ ಬಿದ್ದಾಗ ಉಳಿದುವೆಲ್ಲ ಸಾಯುತ್ತವೆ. ಈ ಗಟ್ಟಿಗ ರೋಗಾಣುಗಳಿಗೆ ಬಯಲೇ ತೆರವಾಗುತ್ತದೆ. ಮಾತ್ರವಲ್ಲ, ತಮ್ಮ ಆ ವಿದ್ಯೆಯನ್ನು ಅವು ನೆರೆಯ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲುವು. ಔಷಧಿಯನ್ನು ಬೇಡದಿರುವಲ್ಲಿ ಬಳಸಿದಷ್ಟೂ ಅವುಗಳಿಗೆ ಅನುಕೂಲ. ಇಲ್ಲಿ ಔಷಧಿಗೆ ಒಗ್ಗಿಹೋದುದು ನಮ್ಮ ಶರೀರವಲ್ಲ, ರೋಗಾಣು. ಆದುದರಿಂದಲೇ ಒಂದು ಮನೆಯವರು ಮಾಡಿದ ತಪ್ಪು ಆ ಮನೆಯಲ್ಲಿಯೇ ನಿಲ್ಲುವುದಿಲ್ಲ. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಮಣಿಯದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಮಡಿದರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಇನ್ನು ಫಾರ್ಮಸಿಯ ವಿದ್ಯಾರ್ಥಿಗಳ ಪಾಠಕ್ಕೆ ಬರೋಣ. ನಮ್ಮ ದೇಶದಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾಲಯದ ಸ್ಥಾನವನ್ನು ತಂದುಕೊಟ್ಟವರು 1930ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದ ಮಹಾದೇವಲಾಲ್ ಶ್ರಾಫರು. ಬಹುಕಾಲ ಈ ವಿದ್ಯೆ ಔಷಧಿಯನ್ನು ತಯಾರಿಸುವುದಕ್ಕೆ, ಪರೀಕ್ಷಿಸುವುದಕ್ಕೆ ಹೆಚ್ಚು ಗಮನ ಕೊಟ್ಟಿತು. ರೋಗಿಯ ಪಕ್ಕದಲ್ಲಿ ನಿಂತು ಔಷಧಿಯ ಬಳಕೆಯನ್ನು ನೋಡಿಕೊಳ್ಳುವ ಶಿಕ್ಷಣವನ್ನು ಮೊದಲು ಆರಂಭಿಸಿದವರಲ್ಲಿ ಮೈಸೂರು ಮತ್ತು ಉದಕಮಂಡಲದ ಜೆ.ಎಸ್.ಎಸ್. ಫಾರ್ಮಸಿ ಕಾಲೇಜುಗಳು ಸೇರಿವೆ. ಅದು 1990ರ ದಶಕದ ಮಾತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಎಂಬ ಪದವಿಯೂ ಬಂತು. ಡಿಪ್ಲೊಮಾದ ಪಠ್ಯಕ್ರಮವನ್ನು 2020ರಲ್ಲಿ ಪರಿಷ್ಕರಿಸಿದಾಗ ಸಮಾಜದ ಆರೋಗ್ಯ, ಅಂಗಡಿಯಲ್ಲಿ ರೋಗಿಯೊಡನೆ ನಡೆಸಬೇಕಾದ ಮಾತುಕತೆ, ಕಾನೂನು ಮತ್ತು ನೀತಿ, ಇವುಗಳಿಗೆ ತಕ್ಕ ಸ್ಥಾನ ದೊರೆಯಿತು.

ನಮ್ಮ ವಿದ್ಯಾರ್ಥಿ ವಿವರಿಸಿದಂತೆ ಅವರ ತರಗತಿಯಲ್ಲಿ ಈ ಪಾಠ ಪ್ರಯೋಗಶಾಲೆಯಲ್ಲಿ ಮೊದಲಾಯಿತು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅದರ ಮೇಲೆ ಬೇರೆ ಬೇರೆ ಔಷಧಿಗಳಲ್ಲಿ ಅದ್ದಿದ ಕಾಗದದ ಸಣ್ಣ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ಫಲಿಸಿದಲ್ಲಿ ಬಿಲ್ಲೆಯ ಸುತ್ತ ಸ್ವಚ್ಛವಾದ ಬಳೆಯಂಥ ವೃತ್ತ ಕಾಣುತ್ತದೆ. ಫಲಿಸದಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ನಮ್ಮ ತಾಯಿಯವರ ವರದಿಯಲ್ಲಿದ್ದ ‘ಎಸ್’, ‘ಆರ್’ ಅಕ್ಷರಗಳು ಹುಟ್ಟುವುದು ಇಂಥ ಪರೀಕ್ಷೆಗಳಿಂದಲೇ. “ಆ ತಟ್ಟೆಯನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಮಾತ್ರೆಯನ್ನು ಸುಮ್ಮನೆ ಎತ್ತಿಕೊಡುವ ಧೈರ್ಯ ಬರುವುದಿಲ್ಲ ಮಾಷ್ಟ್ರೇ” ಎಂದನು ಅವನು.

ಎರಡನೆಯದು ಕಾನೂನು. 1948ರ ಫಾರ್ಮಸಿ ಶಾಸನದ ಪ್ರಕಾರ ನೋಂದಾಯಿತ ಫಾರ್ಮಸಿಸ್ಟರು ಇಲ್ಲವೆ ಅವರ ನೇರ ಮೇಲ್ವಿಚಾರಣೆಯಲ್ಲಿರುವವರ ಹೊರತು ಇತರರು ವೈದ್ಯರ ಚೀಟಿಯ ಔಷಧಿಯನ್ನು ವಿತರಿಸುವಂತಿಲ್ಲ. ಪ್ರತಿಜೈವಿಕಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚಿಯಿಂದ ಜಾರಿಯಲ್ಲಿರುವ ‘ಎಚ್-1’ ಎಂಬ ಪಟ್ಟಿಯ ಔಷಧಿಗಳಿಗೆ, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಜನರಿಗೆ ಗುರುತು ಸಿಗಲೆಂದು ಇಂಥ ಮಾತ್ರೆಗಳ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಅದನ್ನು ಕುರಿತ ಪ್ರಚಾರವನ್ನು ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿತು. ನಮ್ಮ ಕೇರಳ ರಾಜ್ಯವು 2018ರಲ್ಲಿ ಈ ಪಿಡುಗಿನ ವಿರುದ್ಧ ತನ್ನದೇ ಕಾರ್ಯಯೋಜನೆಯನ್ನು ರೂಪಿಸಿತು. 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಔಷಧಿಯಂಗಡಿಗಳ ಅನಿರೀಕ್ಷಿತ ತಪಾಸಣೆ ಆರಂಭವಾಯಿತು. ಪ್ರತಿಜೈವಿಕಗಳನ್ನು ನೀಲಿ ಬಣ್ಣದ ಲಕೋಟೆಯಲ್ಲಿ ಹಾಕಿ ಕೊಡುವ ಕ್ರಮವೂ ಬಂದಿದೆ. ಮಕ್ಕಳೇ, ಇಂದು ಮನೆಗೆ ಹೋದ ಮೇಲೆ ಹಿರಿಯರೊಡನೆ ಕುಳಿತು ಮದ್ದಿನ ಡಬ್ಬಿಯಲ್ಲಿ ಆ ಕೆಂಪು ಗೆರೆಯನ್ನು ಹುಡುಕಿ ನೋಡಿರಿ.

ಮೂರನೆಯದೇ ಬಹಳ ಮುಖ್ಯವಾದುದು. ಅದು ಮಾತನಾಡುವ ವಿದ್ಯೆ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಗಿರಾಕಿಯಾಗುತ್ತಾನೆ, ಇನ್ನೊಬ್ಬ ಔಷಧಿ ಕೊಡುವವನಾಗುತ್ತಾನೆ. ಉಳಿದವರು ನೋಡಿ ತಪ್ಪು ಒಪ್ಪು ಹೇಳುತ್ತಾರೆ. ನಮ್ಮ ಶಾಲೆಯಲ್ಲಿ ಮಕ್ಕಳು ಏಕಾಂಕ ನಾಟಕ ಆಡುವಂತೆಯೇ ಇದು. ಅವನು ಹೇಳಿದ ನಾಲ್ಕು ಸಂದರ್ಭಗಳನ್ನು ತಿಳಿಸುತ್ತೇವೆ.

ಒಬ್ಬ ತಾಯಿ ಬಂದು ಮಗುವಿಗೆ ಶೀತ, ಮೂಗು ಸೋರುತ್ತಿದೆ, ಆಂಟಿಬಯೋಟಿಕ್ ಕೊಡಿ ಎನ್ನುತ್ತಾಳೆ. ಶೀತ ಬರುವುದು ವೈರಸಿನಿಂದ. ಪ್ರತಿಜೈವಿಕ ಬ್ಯಾಕ್ಟೀರಿಯಾದ ಶತ್ರು, ವೈರಸನ್ನು ಅದು ಮುಟ್ಟುವುದೇ ಇಲ್ಲ. ಇದನ್ನು ಹೇಳಿ ಸುಮ್ಮನೆ ಕಳುಹಿಸಿಬಿಟ್ಟರೆ ಸಾಲದು. ಮಗು ಹಾಲು ಕುಡಿಯಲಾರದೆ ಇದೆಯೇ, ಉಸಿರು ವೇಗವಾಗಿದೆಯೇ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತದೆಯೇ ಎಂದು ಕೇಳಬೇಕು. ಹೌದೆಂದರೆ ಆ ಕ್ಷಣವೇ ವೈದ್ಯರ ಬಳಿಗೆ ಕಳುಹಿಸಬೇಕು.

ಇನ್ನೊಬ್ಬರು ಮಗುವಿನ ಭೇದಿಗೆ ಅದೇ ಮದ್ದನ್ನು ಕೇಳುತ್ತಾರೆ. ಮಕ್ಕಳ ನೀರುಭೇದಿಗೆ ಹೆಚ್ಚಾಗಿ ಬೇಕಾದುದು ಓ.ಆರ್.ಎಸ್. ಪುಡಿಯ ನೀರು ಮತ್ತು ಸತುವಿನ ಮಾತ್ರೆ. ಮಲದಲ್ಲಿ ರಕ್ತವಿದ್ದರೆ, ಮಗು ಬಾಡಿ ಮಲಗಿದ್ದರೆ ಆಸ್ಪತ್ರೆಯೇ ದಾರಿ.

ಮೂರನೆಯವರು ಚೀಟಿ ತಂದಿದ್ದಾರೆ. ಆದರೆ ಕೈಯಲ್ಲಿ ಹಣವಿಲ್ಲದೆ ‘ಅರ್ಧ ಮಾತ್ರೆ ಸಾಕು, ಮತ್ತೆ ನೋಡುವಾ’ ಎನ್ನುತ್ತಾರೆ. ಇವರನ್ನು ಗದರಿಸಬಾರದು. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವುದನ್ನು, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಅದೇ ಔಷಧಿ ದೊರೆಯುವುದನ್ನು ತಿಳಿಸಬೇಕು. ತನ್ನ ವ್ಯಾಪಾರ ಹೋದರೂ ಚಿಂತೆಯಿಲ್ಲ ಎಂಬ ಮನಸ್ಸು ಇಲ್ಲಿ ಬೇಕು.

ನಾಲ್ಕನೆಯವರು ಹಳೆಯ ಖಾಲಿ ಹಾಳೆ ಹಿಡಿದುಕೊಂಡು ಬರುವವರು. ಅವರು ಯಾರೆಂದು ಈಗ ಹೇಳಬೇಕಾಗಿಲ್ಲ.

ಇಷ್ಟೂ ಸಂದರ್ಭಗಳಲ್ಲಿ ಅವರು ಕಲಿಯುವ ನಿಯಮ ಒಂದೇ: ಇಲ್ಲ ಎಂದು ಹೇಳಿದ ಮೇಲೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದು, ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದನ್ನು ಹೇಳಿಯೇ ಕಳುಹಿಸಬೇಕು.

ರಕ್ಷಕ ಬಂಧುಗಳೇ, ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಇಂಗ್ಲಿಷಿನ ದೊಡ್ಡ ಪುಸ್ತಕಗಳ ಎದುರು ಸೋಲುವರೆಂದು ನೀವು ಹೆದರುವುದುಂಟು. ಆ ಹುಡುಗನೂ ಮೊದಲ ಆರು ತಿಂಗಳು ಕಷ್ಟಪಟ್ಟನೆಂಬುದು ನಿಜ. ಒಂದೊಂದು ಪುಟಕ್ಕೂ ನಿಘಂಟು ಹಿಡಿದು ಕುಳಿತನಂತೆ. ಆದರೆ ಅಂಗಡಿಯ ಕಟ್ಟೆಗೆ ಬಂದಾಗ ಲೆಕ್ಕ ಬೇರೆಯಾಯಿತು. ನಮ್ಮದು ಸಪ್ತಭಾಷೆಗಳ ನಾಡು. ಒಬ್ಬರು ತುಳುವಿನಲ್ಲಿ ಕೇಳುತ್ತಾರೆ, ಒಬ್ಬರು ಮಲೆಯಾಳದಲ್ಲಿ, ಒಬ್ಬರು ಕೊಂಕಣಿಯಲ್ಲಿ, ಒಬ್ಬರು ಕನ್ನಡದಲ್ಲಿ. ಮಾತ್ರೆಯ ಹಾಳೆಯಲ್ಲಿ ಇರುವುದು ಹೆಚ್ಚಾಗಿ ಇಂಗ್ಲಿಷ್. ಲಕೋಟೆಯ ಮೇಲೆ ಬರೆದ ‘1-0-1’ ಎಂಬುದನ್ನು ನೋಡಿ ನೂರ ಒಂದು ಎಂದು ಓದಿದ ಅಜ್ಜಿಯನ್ನು ಅವನು ಕಂಡಿದ್ದಾನೆ. “ಬೆಳಗ್ಗೆ ಗಂಜಿ ಉಂಡ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು, ಐದು ದಿವಸ, ನಡುವೆ ಬಿಡಬಾರದು ಅಜ್ಜಿ” ಎಂದು ಅವರ ಮಾತಿನಲ್ಲಿಯೇ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿ ಕಳುಹಿಸುವವನು ಬೇಕು. ಔಷಧಿಯ ಗುಣ ರೋಗಿಗೆ ತಲುಪಬೇಕಾದರೆ ಆ ಮಾತೂ ತಲುಪಬೇಕು. ಇಂಥ ಕೆಲಸದಲ್ಲಿ ನಮ್ಮ ಮಕ್ಕಳ ಕನ್ನಡ ಅವರಿಗೆ ಹೊರೆಯಾಗುವುದಿಲ್ಲ, ಬಂಡವಾಳವಾಗುತ್ತದೆ. ಪ್ಲಸ್ ಟು ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಂದಿಗೆ ಜೀವಶಾಸ್ತ್ರವನ್ನಾಗಲಿ ಗಣಿತವನ್ನಾಗಲಿ ಓದಿದವರಿಗೆ ಈ ದಾರಿ ತೆರೆದಿದೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಸೇರಿಸಬೇಕು. ಇದನ್ನೆಲ್ಲ ಕೇಳಿ ಪ್ರತಿಜೈವಿಕವೆಂದರೆ ವಿಷವೆಂದು ಯಾರೂ ಭಾವಿಸಬಾರದು. ನಮ್ಮ ತಾಯಿಯವರನ್ನು ಉಳಿಸಿದ್ದು ಪ್ರತಿಜೈವಿಕವೇ. ಮಳೆಗಾಲದಲ್ಲಿ ಗದ್ದೆಯ, ತೋಟದ ನೀರಿನಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರಕ್ಕೆ ಸಕಾಲದಲ್ಲಿ ಆ ಔಷಧಿ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಆರೋಗ್ಯ ಕಾರ್ಯಕರ್ತರು ಮನೆಗೆ ಬಂದು ಇಲಿಜ್ವರದ ಮುನ್ನೆಚ್ಚರಿಕೆಗೆಂದು ಮಾತ್ರೆ ಕೊಟ್ಟರೆ ಅವರು ಹೇಳಿದಂತೆ ತಪ್ಪದೆ ಸೇವಿಸಬೇಕು. ವೈದ್ಯರು ಬರೆದ ಔಷಧಿಯನ್ನು ಹೆದರಿ ಬಿಡುವುದೂ ತಪ್ಪು, ಬರೆಯದುದನ್ನು ಕೇಳಿ ಕೊಳ್ಳುವುದೂ ತಪ್ಪು. ಎಷ್ಟು ದಿನವೆಂದು ಅವರು ಹೇಳಿದರೋ ಅಷ್ಟು ದಿನ. ನಮ್ಮಷ್ಟಕ್ಕೆ ಕಡಿಮೆ ಮಾಡುವುದೂ ಬೇಡ, ಮುಂದುವರಿಸುವುದೂ ಬೇಡ.

ಇಲ್ಲಿರುವ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ನೀವು ಮದ್ದು ಬಿಡುತ್ತೀರಿ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ನೀರು ಎಷ್ಟು ಎಂದು ತೂಗಿ ಅಳೆಯುತ್ತೀರಿ. ಮಳೆ ಬಿಟ್ಟ ಹೊತ್ತನ್ನು ನೋಡುತ್ತೀರಿ. ಅರ್ಧ ತೋಟಕ್ಕೆ ಬಿಟ್ಟು ಸಾಕೆಂದು ಯಾರೂ ಹೇಳುವುದಿಲ್ಲ. ಸಂಶಯ ಬಂದರೆ ತಿಳಿದವರನ್ನು ಕೇಳುತ್ತೀರಿ. ಅಡಿಕೆಯ ಗೊನೆಗೆ ತೋರುವ ಆ ಶ್ರದ್ಧೆಯನ್ನು ನಮ್ಮ ತಾಯಂದಿರ, ಮಕ್ಕಳ ಶರೀರಕ್ಕೆ ತೋರಿದರೆ ಸಾಕು. ಹಟ್ಟಿಯ ದನಕರುಗಳಿಗೂ ಪಶುವೈದ್ಯರನ್ನು ಕೇಳದೆ ಈ ಮದ್ದುಗಳನ್ನು ಕೊಡಬೇಡಿರಿ.

ಕೊನೆಯದಾಗಿ, ಮದ್ದು ಕೊಡುವವರು ಎಷ್ಟೇ ಚೆನ್ನಾಗಿ ಕಲಿತು ಬಂದರೂ, ಅವರ ‘ಇಲ್ಲ’ವನ್ನು ಕೇಳುವ ಮನಸ್ಸು ನಮಗಿಲ್ಲದಿದ್ದರೆ ಆ ವಿದ್ಯೆ ವ್ಯರ್ಥ. ನಾವು ಸಿಟ್ಟಿನಿಂದ ಬೇರೆ ಅಂಗಡಿಗೆ ಹೋದಾಗ ಸರಿಯಾಗಿ ನಡೆದುಕೊಂಡವನಿಗೆ ನಷ್ಟ, ತಪ್ಪಿ ನಡೆದವನಿಗೆ ಲಾಭ. ಹೀಗೆಯೇ ನಡೆದರೆ ಒಳ್ಳೆಯ ಹುಡುಗರು ಎಷ್ಟು ಕಾಲ ಒಳ್ಳೆಯವರಾಗಿ ಉಳಿದಾರು? ಆದುದರಿಂದ ಮುಂದೆ ಯಾರಾದರೂ ನಿಮಗೆ ಚೀಟಿಯಿಲ್ಲದೆ ಕೊಡುವುದಿಲ್ಲವೆಂದು ಹೇಳಿದರೆ, ಅವರಿಗೆ ಒಂದು ಒಳ್ಳೆಯ ಮಾತನ್ನು ಹೇಳಿ ವೈದ್ಯರ ಬಳಿಗೆ ಹೋಗಿರಿ. ಚೀಟಿ ತೆಗೆದುಕೊಂಡು ಪುನಃ ಅದೇ ಅಂಗಡಿಗೆ ಬನ್ನಿರಿ. ನಮ್ಮ ಮನೆಯ ಕಪಾಟಿನಲ್ಲಿದ್ದ ಖಾಲಿ ಹಾಳೆಗಳನ್ನು ನಾವು ತೆಗೆದುಹಾಕಿದ್ದೇವೆ. ಈಗ ಆ ಜಾಗದಲ್ಲಿ ತಾಯಿಯವರ ಪರೀಕ್ಷಾ ವರದಿಯನ್ನು ಇಟ್ಟಿದ್ದೇವೆ. ಹೊಸ ವೈದ್ಯರ ಬಳಿಗೆ ಹೋಗುವಾಗ ಅದನ್ನು ಕೊಂಡುಹೋಗಿ ತೋರಿಸುತ್ತೇವೆ.

ಆ ಹುಡುಗನ ತರಬೇತಿ ಮುಗಿದಿದೆ, ನೋಂದಣಿಯೂ ಆಗಿದೆ. ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಾಗ ತಾಯಿಯವರು ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿ, “ಆವತ್ತು ನೀನು ಹೇಳಿದ್ದನ್ನು ಇವನು ಕೇಳಬೇಕಿತ್ತು ಮಗಾ” ಎಂದರು. ನಾವು ಅಲ್ಲಿಯೇ ಇದ್ದೆವು, ಉತ್ತರ ಇರಲಿಲ್ಲ. ಇಂಥ ವಿದ್ಯಾರ್ಥಿಗಳು ಈ ಶಾಲೆಯಿಂದ ಇನ್ನೂ ಹಲವರು ಹೊರಬರಲಿ, ಅವರ ಮಾತಿಗೆ ಕಿವಿಗೊಡುವ ಹಿರಿಯರು ಮನೆಮನೆಯಲ್ಲಿ ಇರಲಿ ಎಂದು ಹಾರೈಸುತ್ತೇವೆ.